ಕಷ್ಟದ ಮನೆಯಲ್ಲಿ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಆಸ್ಪತ್ರೆಗಳಿಗೂ ಮನೆಗಳಿಗೂ ಹೋಗಿ ರೋಗಿಗಳನ್ನು ನೋಡಿಬರುವ ಒಂದು ಸಣ್ಣ ಗುಂಪಿನಲ್ಲಿ ನಾನಿದ್ದೇನೆ. ಹುಟ್ಟಿದ್ದು ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಮನೆಯಲ್ಲಿ, ಮದುವೆಯಾಗಿ ಬಂದದ್ದು ಕ್ಯಾಥೊಲಿಕ್ ಮನೆಗೆ. ಹಾಗಾಗಿ ಇಲ್ಲಿ ಪಾಸ್ಟರ್ ಅಯ್ಯನವರೂ ಬರುತ್ತಾರೆ, ಫಾದರೂ ಬರುತ್ತಾರೆ. ನಾನು ದೇವಶಾಸ್ತ್ರ ಓದಿದವಳಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಚರ್ಚಿನ ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ, ರಾತ್ರಿ ಹೊತ್ತು ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಕೆಲವಕ್ಕೆ ಉತ್ತರ ಉದ್ದ ಇದೆ. ಕೆಲವಕ್ಕೆ ನಾಲ್ಕು ಸಾಲು ಸಾಕು.

ಇಷ್ಟೆಲ್ಲ ಕಷ್ಟ ಬಂದಿದೆ. ನಾನೋ ನಮ್ಮ ಹಿರಿಯರೋ ಮಾಡಿದ ಪಾಪಕ್ಕೆ ಇದು ಶಿಕ್ಷೆಯಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಯೇಸುವಿನ ಶಿಷ್ಯರೂ ಇದನ್ನೇ ಕೇಳಿದ್ದರು. ಹುಟ್ಟುಕುರುಡನೊಬ್ಬನನ್ನು ನೋಡಿ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂದರು. ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಎಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಸಿಲೊವಾಮಿನಲ್ಲಿ ಗೋಪುರ ಕುಸಿದು 18 ಜನ ಸತ್ತಾಗಲೂ ಅಷ್ಟೇ. ಅವರು ಊರಿನ ಉಳಿದವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ ಎಂದು ಯೇಸು ಕೇಳಿದರು. ಅಲ್ಲ ಎಂದು ತಾವೇ ಉತ್ತರವನ್ನೂ ಕೊಟ್ಟರು.

ಈಗ ಕೆಲವು ಪ್ರಾರ್ಥನಾ ಕೂಟಗಳಲ್ಲಿ 'ಪೂರ್ವಿಕರ ಶಾಪ ಮುರಿಯುವುದು' ಅಂತ ಒಂದು ನಡೆಯುತ್ತದೆ. ತಾತ ಏನು ಮಾಡಿದ್ದರು, ಅಜ್ಜಿ ಯಾವ ದೇವರಿಗೆ ಹರಕೆ ಹೊತ್ತಿದ್ದರು ಎಂದೆಲ್ಲ ಕೆದಕುತ್ತಾರೆ. ಮೊದಲೇ ನೊಂದವರು ಮನೆಗೆ ಹೋಗುವಾಗ ಇನ್ನೊಂದು ಮೂಟೆ ಹೊತ್ತು ಹೋಗುತ್ತಾರೆ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತು ಹೋಗುತ್ತದೆ ಅನ್ನುವ ಗಾದೆಯನ್ನು ಇನ್ನು ಮೇಲೆ ಎತ್ತಲೇಬೇಡಿ ಎಂದು ದೇವರು ಹೇಳುವುದು ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಿದೆ. ಅಂಥ ಕೂಟಕ್ಕೆ ಯಾರಾದರೂ ಕರೆದರೆ ಆ ಅಧ್ಯಾಯವನ್ನು ಓದಿಕೊಂಡು ಹೋಗಿ. ಹೋಗದಿದ್ದರೆ ಇನ್ನೂ ಒಳ್ಳೆಯದು.

ಒಂದು ಮಾತು ಮಾತ್ರ ನಿಜ. ಕೆಲವು ಕಷ್ಟಗಳಿಗೆ ನಮ್ಮ ಕೆಲಸವೇ ಕಾರಣ. ಕುಡಿದರೆ ಲಿವರ್ ಹಾಳಾಗುತ್ತದೆ. ಕಂಡಲ್ಲೆಲ್ಲ ಸಾಲ ಮಾಡಿದರೆ ಸಾಲ ಕೊಟ್ಟವನು ಮನೆ ಬಾಗಿಲಿಗೆ ಬರುತ್ತಾನೆ. ಅದರಲ್ಲಿ ದೇವರ ಸೇಡು ಹುಡುಕಬೇಕಿಲ್ಲ.

ದೇವರ ಮೇಲೆ ಸಿಟ್ಟು ಬರುತ್ತಿದೆ. ಹೀಗೆ ಅನ್ನಿಸುವುದು ಪಾಪವಲ್ಲವೇ?

ಸಿಟ್ಟು ಬಂದಿದ್ದರೆ ದೇವರಿಗೇ ಹೇಳಿ. ಬೈಬಲ್ ಪೂರ್ತಿ ಅಂಥ ಜನರೇ ತುಂಬಿದ್ದಾರೆ. 13ನೇ ಕೀರ್ತನೆ ಶುರುವಾಗುವುದೇ ನನ್ನನ್ನು ಇನ್ನೆಷ್ಟು ದಿನ ಮರೆತಿರುತ್ತೀ ಎಂಬ ಜಗಳದಿಂದ. ಎರಡೇ ವಚನದೊಳಗೆ ನಾಲ್ಕು ಸಲ 'ಇನ್ನೆಷ್ಟು ಕಾಲ' ಎಂದು ಕೀರ್ತನೆಗಾರ ಕೇಳಿಬಿಡುತ್ತಾನೆ. ಎಲ್ಲವನ್ನೂ ಕಳೆದುಕೊಂಡ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಯೆರೆಮೀಯನೂ ಶಪಿಸುತ್ತಾನೆ. ಗಂಡ, ಇಬ್ಬರು ಗಂಡುಮಕ್ಕಳು ಎಲ್ಲರನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಬಂದ ನೊವೊಮಿ, ಸರ್ವಶಕ್ತನು ನನ್ನ ಬಾಳನ್ನು ಕಹಿ ಮಾಡಿದ್ದಾನೆ ಎಂದು ಊರ ಹೆಂಗಸರ ಮುಂದೆಯೇ ಹೇಳುತ್ತಾಳೆ. ಯಾರೂ ಅವಳ ಬಾಯಿ ಮುಚ್ಚಿಸುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು 88ನೇ ಕೀರ್ತನೆ. ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಹೇಗೋ ಒಂದು ಸ್ತೋತ್ರಕ್ಕೆ ತಿರುಗಿಕೊಳ್ಳುತ್ತವೆ. ಇದು ತಿರುಗುವುದೇ ಇಲ್ಲ. ಕತ್ತಲಲ್ಲೇ ನಿಂತುಬಿಡುತ್ತದೆ. ಅದನ್ನೂ ಯಾರೋ ದೇವಾಲಯದಲ್ಲಿ ಹಾಡಲು ಬರೆದರು, ಇನ್ಯಾರೋ ಎತ್ತಿಟ್ಟರು. ಕನ್ನಡದಲ್ಲಿ ಪೂರ್ತಿ ಬೈಬಲ್ ಅಚ್ಚಾಗಿದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಅಂದರೆ ಸುಮಾರು ಇನ್ನೂರು ವರ್ಷದಿಂದ ಈ ಕೀರ್ತನೆ ನಮ್ಮ ಭಾಷೆಯಲ್ಲೇ ಇದೆ. ಆದರೂ ಭಾನುವಾರದ ಆರಾಧನೆಯಲ್ಲಿ ನಾನು ಇದನ್ನು ಕೇಳಿದ್ದು ತುಂಬಾ ಕಮ್ಮಿ. ನಮಗೆ ಸಮಾಧಾನ ಹೇಳುವ 23ನೇ ಕೀರ್ತನೆಯೇ ಬೇಕು, ಅಲ್ವಾ?

ಯೋಬನ ಪುಸ್ತಕದ ಕೊನೆಯನ್ನೂ ಒಮ್ಮೆ ನೋಡಿ. 42ನೇ ಅಧ್ಯಾಯದಲ್ಲಿ ದೇವರು ಬಯ್ಯುವುದು ಸಿಟ್ಟು ಮಾಡಿಕೊಂಡ ಯೋಬನನ್ನಲ್ಲ, ಅವನ ಗೆಳೆಯರನ್ನು. ಅವರು ಪುಟಗಟ್ಟಲೆ ದೇವರ ಪರವಾಗಿಯೇ ವಾದ ಮಾಡಿದ್ದರು! ನೀವು ನನ್ನ ವಿಷಯದಲ್ಲಿ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಎಂದು ಅವರಿಗೆ ಹೇಳುತ್ತಾನೆ. ಯೋಬ ದೇವರನ್ನು ಬಿಟ್ಟು ಹೋಗದೆ, ಎದುರಿಗೇ ನಿಂತು ಜಗಳವಾಡಿದ. ನಂಬಿಕೆ ಹಿಡಿದುಕೊಳ್ಳುವುದು ಅಂದರೆ ನನಗೆ ಅರ್ಥವಾಗಿರುವುದು ಇದೇ. ಮುಖದ ಮೇಲೆ ನಗು ಇರಲೇಬೇಕೆಂದು ಎಲ್ಲೂ ಬರೆದಿಲ್ಲ.

ಪ್ರಾರ್ಥನೆ ಮಾಡೋಕೇ ಆಗುತ್ತಿಲ್ಲ. ಕೂತರೆ ಮನಸ್ಸು ಖಾಲಿ.

ಹಾಗಾದರೆ ಕೂರಬೇಡಿ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಡಯಾಲಿಸಿಸ್ ವಾರ್ಡಿನ ಹೊರಗೆ ಎಷ್ಟಾಗುತ್ತದೋ ಅಷ್ಟು. 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು' ಎಂದು ಕಾಯಿಲೆಯ ಮಗನನ್ನು ಕರೆತಂದ ಅಪ್ಪ ಕೂಗಿದ. ಅವನು ಅಷ್ಟೇ ಹೇಳಿದ್ದು. ಯೇಸುವಿಗೆ ಅದು ಸಾಕಾಯಿತು. ನಮ್ಮತ್ತೆ ಸುಮ್ನೆ ಜಪಮಾಲೆ ಕೈಯಲ್ಲಿ ಹಿಡಿದು ಮಲಗುತ್ತಿದ್ದರು. ಮಣಿ ಎಣಿಸುವ ಶಕ್ತಿ ಇರುತ್ತಿರಲಿಲ್ಲ.

ಪಾರ್ಶ್ವವಾಯು ಹಿಡಿದವನನ್ನು ನಾಲ್ಕು ಜನ ಹೊತ್ತುಕೊಂಡು ಬಂದು, ಚಾವಣಿ ಕಿತ್ತು ಇಳಿಸಿದ ಕತೆ ನಿಮಗೆ ಗೊತ್ತು. ಯೇಸು ನೋಡಿದ್ದು 'ಅವರ' ನಂಬಿಕೆಯನ್ನು ಎಂದು ಮಾರ್ಕನು ಬರೆಯುತ್ತಾನೆ. ಮಲಗಿದ್ದವನು ಆ ಕ್ಷಣದವರೆಗೆ ಒಂದು ಮಾತೂ ಆಡಿಲ್ಲ. ನಿಮಗೆ ಆಗದ ದಿನ ಬೇರೆಯವರಿಗೆ ಹೇಳಿ: ನನ್ನ ಬದಲು ನೀವು ಪ್ರಾರ್ಥನೆ ಮಾಡಿ ಅಂತ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ತಿಂಗಳುಗಟ್ಟಲೆ ದೇವರು ಇದ್ದಾನೆ ಅಂತಲೇ ಅನ್ನಿಸದಿದ್ದರೆ? ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಹೊರಬಂದಾಗ ತುಂಬಾ ಜನಕ್ಕೆ ಆಶ್ಚರ್ಯವಾಯಿತು. ದಶಕಗಳ ಕಾಲ ಅವರಿಗೆ ಒಳಗೆ ಕತ್ತಲೇ ಇತ್ತು. ಆದರೂ ಬೆಳಗ್ಗೆ ಎದ್ದು ಪೂಜೆಗೆ ಹೋದರು, ರೋಗಿಗಳ ಹತ್ತಿರ ಹೋದರು. 2016ರಲ್ಲಿ ಚರ್ಚು ಅವರನ್ನು ಸಂತರೆಂದು ಘೋಷಿಸಿದಾಗ ಆ ಪತ್ರಗಳ ವಿಷಯ ಎಲ್ಲರಿಗೂ ಗೊತ್ತಿತ್ತು.

ನಿಮಗೆ ನಂಬಿಕೆ ಕಮ್ಮಿ, ಅದಕ್ಕೇ ವಾಸಿಯಾಗಿಲ್ಲ ಅಂತಾರೆ.

ಹಾಗೆ ಹೇಳುವವರಿಗೆ ಅಪೊಸ್ತಲ ಪೌಲನ ನಂಬಿಕೆ ಎಷ್ಟಿತ್ತು ಎಂದು ಕೇಳಿ. ಶರೀರದಲ್ಲಿ ಮುಳ್ಳಿನಂತಿದ್ದ ಒಂದು ನೋವನ್ನು ತೆಗೆದುಹಾಕು ಎಂದು ಅವನು ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ 'ನನ್ನ ಕೃಪೆಯೇ ನಿನಗೆ ಸಾಕು' ಎಂದು. ಮುಳ್ಳು ಹೋಗಲಿಲ್ಲ. ಅವನ ಆಪ್ತ ತಿಮೊಥೆಯನಿಗೆ ಹೊಟ್ಟೆಯ ತೊಂದರೆ ಪದೇ ಪದೇ ಬರುತ್ತಿತ್ತು. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಇವರಿಗೆಲ್ಲ ನಂಬಿಕೆ ಕಮ್ಮಿಯಿತ್ತು ಎಂದು ಯಾವ ಪಾಸ್ಟರೂ ಹೇಳಲಾರರು.

ಪ್ರಾರ್ಥನೆ ಆಯಿತು, ಇನ್ನು ಮಾತ್ರೆ ನಿಲ್ಲಿಸಿ ಎಂದು ಹೇಳಿದ್ದಾರೆ. ನಿಲ್ಲಿಸಬಹುದಾ?

ಬೇಡ. ಇನ್ಸುಲಿನ್, ಫಿಟ್ಸ್ ಮಾತ್ರೆ, ಟಿ.ಬಿ. ಔಷಧಿ, ಮನೋವೈದ್ಯರು ಕೊಟ್ಟ ಮಾತ್ರೆ, ಇವ್ಯಾವುದನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಕೆಲವನ್ನು ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಸುವಾರ್ತೆ ಬರೆದ ಲೂಕನನ್ನು ಪೌಲ ಕರೆಯುವುದೇ ಪ್ರಿಯ ವೈದ್ಯ ಎಂದು. ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಶುರುವಾಯಿತು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು 1963ರಲ್ಲಿ ಬಂತು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ. ಪ್ರಾರ್ಥನೆ ಮಾಡುವ ಜನರೇ ಕಟ್ಟಿದ್ದು ಇವನ್ನೆಲ್ಲ. ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದು ಯಾಕೋಬನು ಬರೆದಿದ್ದಾನೆ, ಹಚ್ಚಿಸಿಕೊಳ್ಳಿ. ಆಮೇಲೆ ಮಾತ್ರೆ ನುಂಗಿ.

ಅಂದ ಹಾಗೆ, ರೋಗಿಗೆ ಅಭ್ಯಂಗ, ಅಂದರೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಕೊಡಿಸಲು ಫಾದರನ್ನು ಕರೆದರೆ ಸಾವು ಹತ್ತಿರ ಬಂತು ಎಂದು ಈಗಲೂ ಮನೆಯವರು ಹೆದರುತ್ತಾರೆ. ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಸಭೆಯ ನಂತರ ಅದು ಗಂಭೀರ ಕಾಯಿಲೆಯವರಿಗೆಲ್ಲ ಇರುವ ಸಂಸ್ಕಾರ. ದೊಡ್ಡ ಆಪರೇಶನ್ನಿಗೆ ಮುಂಚೆಯೂ ತೆಗೆದುಕೊಳ್ಳಬಹುದು.

ಒಂಬತ್ತು ಗುರುವಾರ ವಿವೇಕನಗರಕ್ಕೆ ಹೋದೆ. ಶಿವಾಜಿನಗರದ ಮಾತೆಗೂ ಹರಕೆ ಹೊತ್ತೆ. ಏನೂ ಆಗಲಿಲ್ಲ.

ವಿವೇಕನಗರದ ಬಾಲ ಯೇಸುವಿನ ದೇವಾಲಯದ ಗುರುವಾರದ ಜನಸಂದಣಿ ನೋಡಿದವರಿಗೆ ಗೊತ್ತು, ಅಲ್ಲಿ ಅರ್ಧಕ್ಕರ್ಧ ಕ್ರೈಸ್ತರೇ ಅಲ್ಲವೇನೋ ಅನ್ನಿಸುತ್ತದೆ. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲೂ ಹಾಗೇ. ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಕಾವಿ ಬಟ್ಟೆ ತೊಟ್ಟವರು, ಮೇಣದ ಬತ್ತಿ ಹಿಡಿದವರು, ಮಾತೆಗೆ ಸೀರೆ ತಂದವರು. ಅಷ್ಟು ಜನರ ನಡುವೆ ನನ್ನ ಒಬ್ಬಳ ಮಾತು ಮಾತ್ರ ಕೇಳಿಸಲಿಲ್ಲವೇ ಅನ್ನಿಸುವುದು ಸಹಜ.

ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಹುಟ್ಟಿದ ಕತೆ ಇಲ್ಲಿ ನೆರವಿಗೆ ಬರುತ್ತದೆ. ಯೇಸು ಸ್ವರ್ಗಕ್ಕೇರಿದ ಮೇಲೆ ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ಹಬ್ಬದವರೆಗೆ ಮರಿಯಮ್ಮ, ಶಿಷ್ಯರು ಎಲ್ಲರೂ ಒಟ್ಟಿಗೆ ಪ್ರಾರ್ಥನೆಯಲ್ಲಿ ಕಾದರು. ಅದರ ನೆನಪೇ ಒಂಬತ್ತು ದಿನ. ಪವಿತ್ರಾತ್ಮ ಬರುತ್ತದೆ ಎಂದು ಅವರಿಗೆ ಮಾತು ಸಿಕ್ಕಿತ್ತು, ಯಾವತ್ತು ಎಂದು ಗೊತ್ತಿರಲಿಲ್ಲ. ಒಂಬತ್ತು ಮುಗಿದರೆ ಕೆಲಸ ಆಗಲೇಬೇಕು ಅನ್ನುವ ಒಪ್ಪಂದ ನಾವೇ ಆಮೇಲೆ ಸೇರಿಸಿಕೊಂಡದ್ದು. ಕೇಳಿದ್ದು ಆಗಲಿಲ್ಲ ಎಂಬ ನೋವು ಇದರಿಂದ ಕಮ್ಮಿಯಾಗುವುದಿಲ್ಲ. ಎಲ್ಲೋ ಲೆಕ್ಕ ತಪ್ಪಿದೆ, ಒಂದು ವಾರ ಬಿಟ್ಟುಹೋಗಿದ್ದಕ್ಕೆ ಹೀಗಾಯಿತು ಎಂದು ತಲೆ ಕೆಡಿಸಿಕೊಳ್ಳುವುದನ್ನಂತೂ ಬಿಡಬಹುದು. ಮತ್ತೆ ಹೋಗಬೇಕು ಅನ್ನಿಸಿದರೆ ಬರಿಗೈಲಿ ಹೋಗಿ ಕೂತು ಬನ್ನಿ.

ಗಂಡ ಕುಡಿದು ಬಂದು ಹೊಡೆಯುತ್ತಾನೆ. 'ಅದು ನಿನ್ನ ಶಿಲುಬೆ, ಹೊತ್ತುಕೋ' ಎಂದು ಹಿರಿಯರು ಹೇಳಿದರು.

ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೇಳಿದವರಲ್ಲಿ ಒಳ್ಳೆಯವರೂ ಇರುತ್ತಾರೆ. ಮನೆ ಒಡೆಯಬಾರದು ಎಂದು ಹೇಳುತ್ತಾರೆ. ಆದರೆ ಹೊಡೆದವನೇ ಆ ಮನೆಯನ್ನು ಆಗಲೇ ಒಡೆದಿರುತ್ತಾನೆ.

ಯೇಸು ಶಿಲುಬೆ ಹೊತ್ತದ್ದು ತಾವಾಗಿಯೇ ಒಪ್ಪಿ. ಅದಕ್ಕೆ ಮುಂಚೆ ಎಷ್ಟೋ ಸಲ ತಪ್ಪಿಸಿಕೊಂಡಿದ್ದಾರೆ. ಹೆರೋದ ಕೊಲ್ಲಲು ಹುಡುಕುತ್ತಿದ್ದಾನೆ ಎಂದು ಗೊತ್ತಾದ ರಾತ್ರಿಯೇ ಯೋಸೇಫ ತಾಯಿ ಮಗುವನ್ನು ಕರೆದುಕೊಂಡು ಐಗುಪ್ತಕ್ಕೆ ಓಡಿದ. ನಜರೇತಿನ ಜನ ಬೆಟ್ಟದಿಂದ ತಳ್ಳಲು ಎಳೆದುಕೊಂಡು ಹೋದಾಗ ಯೇಸು ಅವರ ನಡುವೆಯೇ ಹಾದು ಹೊರಟುಹೋದರು. ದಮಸ್ಕದಲ್ಲಿ ಪೌಲನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಜೀವ ಉಳಿಸಿಕೊಳ್ಳಲು ಮನೆ ಬಿಟ್ಟು ಹೋಗುವುದು ಬೈಬಲಿಗೆ ಹೊಸದೇನೂ ಅಲ್ಲ.

ಚರ್ಚಿನ ಕಾನೂನೂ ನಿಮ್ಮ ಕಡೆಗೇ ಇದೆ. ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಮಕ್ಕಳಿಗೋ ದೊಡ್ಡ ಅಪಾಯವಿದ್ದರೆ ಬೇರೆ ಇರಲು ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 1153ನೇ ವಿಧಿ ಒಪ್ಪುತ್ತದೆ. ತಡಮಾಡಿದರೆ ಅಪಾಯ ಅನ್ನುವಾಗ ಬಿಷಪ್ಪರ ಅನುಮತಿಗೂ ಕಾಯಬೇಕಿಲ್ಲ. ಹೀಗೆ ಬೇರೆ ಇದ್ದರೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸಿಗುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ಅದು ಸುಳ್ಳು. ಇನ್ನು ದೇಶದ ಕಾನೂನು. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಸಲ್ಲುತ್ತದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲೇ ಇರುವ ಹಕ್ಕನ್ನು ಅದು ಕೊಡುತ್ತದೆ. ಕ್ರೈಸ್ತರ ವಿಚ್ಛೇದನ ಕಾಯ್ದೆ 1869ರದ್ದು. 2001ರಲ್ಲಿ ತಿದ್ದುಪಡಿ ಆಗುವವರೆಗೆ ಹೆಂಡತಿಗೆ ಬರೀ ಕ್ರೌರ್ಯದ ಮೇಲೆ ವಿಚ್ಛೇದನ ಸಿಗುತ್ತಿರಲಿಲ್ಲ, ಗಂಡನ ವ್ಯಭಿಚಾರವನ್ನೂ ರುಜುವಾತು ಮಾಡಬೇಕಿತ್ತು. ನಮ್ಮ ಅಮ್ಮಂದಿರ ಕಾಲದವರು 'ಸಹಿಸಿಕೋ' ಎನ್ನುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು. ಈಗ ಹಾಗಿಲ್ಲ.

ಹೊಡೆತ ಬೀಳುತ್ತಿರುವಾಗ 112ಕ್ಕೆ ಫೋನ್ ಮಾಡಿ. ಮಾತಾಡಲು, ದಾರಿ ಕೇಳಲು ಮಹಿಳಾ ಸಹಾಯವಾಣಿ 181 ಇದೆ. ಆಧಾರ್, ಮಕ್ಕಳ ಸರ್ಟಿಫಿಕೇಟ್, ಪಾಸ್‌ಬುಕ್, ಸ್ವಲ್ಪ ದುಡ್ಡು, ದಿನದ ಮಾತ್ರೆ ಇವನ್ನು ಒಂದು ಬ್ಯಾಗಿಗೆ ಹಾಕಿ ನಂಬಿಕೆಯವರ ಮನೆಯಲ್ಲಿಡಿ.

ಕ್ಷಮಿಸಬೇಕಲ್ಲವೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅದನ್ನು ನಿಧಾನವಾಗಿ ಮಾಡಿ, ಸುರಕ್ಷಿತ ಜಾಗದಲ್ಲಿದ್ದುಕೊಂಡು. ಕ್ಷಮಿಸಿದ ಮೇಲೂ ಅವನ ಮನೆಗೆ ವಾಪಸ್ ಹೋಗಲೇಬೇಕೆಂದಿಲ್ಲ.

ಹೊಡೆಯುವುದಿಲ್ಲ, ಆದರೆ ಕುಡಿತ ಬಿಡುತ್ತಿಲ್ಲ. ಎಷ್ಟು ಉಪವಾಸ ಪ್ರಾರ್ಥನೆ ಮಾಡಿದರೂ ಅಷ್ಟೇ.

ಕುಡಿತದ ಚಟ ಕಾಯಿಲೆಯೂ ಹೌದು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಇದೆ. ವರ್ಷಗಟ್ಟಲೆ ಕುಡಿದವರು ಒಂದೇ ದಿನ ಪೂರ್ತಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಆಗಬಹುದು. ಆದ್ದರಿಂದ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವ ಕೆಲಸ ಮಾಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕುಡಿತ ಬಿಡಲು ಬಯಸುವವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೆ, 1935ರಿಂದ ನಡೆಯುತ್ತಿರುವ ಗುಂಪು. ಅವರ ಮನೆಯವರಿಗೆ ಅಲ್-ಅನಾನ್ ಎಂದು ಬೇರೆಯೇ ಇದೆ. ಅಲ್ಲಿಗೆ ಹೋಗಲು ಗಂಡ ಕುಡಿತ ಬಿಟ್ಟಿರಬೇಕೆಂದಿಲ್ಲ. ನಿಮ್ಮ ಜೀವನವನ್ನು ನೀವು ಹೇಗೆ ನಡೆಸುವುದು ಎಂದು ಮಾತಾಡುವ ಜಾಗ ಅದು.

ಮತ್ತೆ, ಅವನು ಬಿಡದಿದ್ದರೆ ನಿಮ್ಮ ಪ್ರಾರ್ಥನೆ ಸೋತಿತು ಎಂದುಕೊಳ್ಳಬೇಡಿ. ಇನ್ನೊಬ್ಬರ ಮನಸ್ಸಿನ ಬೀಗದ ಕೈ ದೇವರು ಯಾರ ಕೈಯಲ್ಲೂ ಕೊಟ್ಟಿಲ್ಲ.

ಆಸ್ಪತ್ರೆಯ ಸಾಲ ತಲೆಯ ಮೇಲಿದೆ. ಆದರೂ ಚರ್ಚಿಗೆ ದಶಮಾಂಶ (ಆದಾಯದ ಹತ್ತರಲ್ಲಿ ಒಂದು ಪಾಲು) ಕೊಡಲೇಬೇಕಾ? ಕೊಟ್ಟರೆ ನೂರರಷ್ಟು ವಾಪಸ್ ಬರುತ್ತದೆ ಅಂತಾರೆ.

ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಿರಸ್ಕರಿಸಿದ ಹಾಗೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು ದೇವರಿಗೆ ಮುಡಿಪು ಎಂದು ಎತ್ತಿಡುವವರನ್ನು ಯೇಸು ಮುಖಕ್ಕೇ ಬಯ್ದಿದ್ದಾರೆ. ಇರುವುದಕ್ಕೆ ತಕ್ಕಂತೆ ಕೊಡಿ, ಇಲ್ಲದ್ದಕ್ಕೆ ಲೆಕ್ಕ ಕೇಳುವುದಿಲ್ಲ ಎಂದು ಪೌಲ ಕೊರಿಂಥದವರಿಗೆ ಹೇಳುತ್ತಾನೆ. ಮಗಳ ಕಿಮೋಗೆ ಎತ್ತಿಟ್ಟ ದುಡ್ಡನ್ನು 'ಬೀಜವಾಗಿ ಬಿತ್ತು' ಎನ್ನುವವರ ಮಾತು ಕೇಳಬೇಡಿ.

ಬದಲಿಗೆ ಈ ಕೆಲಸ ಮಾಡಿ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಸೇವಾ ವಿಭಾಗ ಇರುತ್ತದೆ. ಬಿಲ್ ಕೌಂಟರಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ. ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ ವಿನ್ಸೆಂಟ್ ಡಿ ಪಾಲ್ ಸೊಸೈಟಿಯವರು ಇದ್ದಾರಾ ಕೇಳಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಈ ಗುಂಪಿನವರು ಮನೆಗೇ ಬಂದು ನೋಡಿ ಸಹಾಯ ಮಾಡುತ್ತಾರೆ. ಕೈಸಾಲ, ಫೈನಾನ್ಸ್‌ನವರು ಬಾಗಿಲಿಗೆ ಬಂದು ಗಲಾಟೆ ಮಾಡುತ್ತಿದ್ದರೆ ಅದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ಪೊಲೀಸ್ ಠಾಣೆಗೆ ಹೋಗಲು ಹೆದರಬೇಡಿ. ಕೇಳಿ ಪಡೆಯುವುದು ಅವಮಾನ ಎಂದುಕೊಂಡು ಒಳಗೇ ಬೇಯುವ ಮನೆಗಳನ್ನು ತುಂಬಾ ನೋಡಿದ್ದೇನೆ. ಭಾನುವಾರ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಬಂದಿರುತ್ತಾರೆ, ಮನೆಯಲ್ಲಿ ಅಕ್ಕಿ ಇರುವುದಿಲ್ಲ.

ಕ್ಯಾಲೆಂಡರಿನ ಬೈಬಲ್ ವಾಕ್ಯಗಳು ಈಗ ಚುಚ್ಚುತ್ತವೆ. ಏನು ಮಾಡಲಿ?

ಕ್ಯಾಲೆಂಡರ್ ತಿರುಗಿಸಿ ಇಡಿ. ತಮಾಷೆಗೆ ಹೇಳುತ್ತಿಲ್ಲ. ಸ್ವಲ್ಪ ದಿನ ಆಮೇಲೆ ಆ ವಾಕ್ಯದ ಹಿಂದೆ ಮುಂದೆ ಓದಿ ನೋಡಿ. ದೇವರ ಯೋಜನೆಗಳು ಹಿತದ ಯೋಜನೆಗಳು ಎಂಬ ಯೆರೆಮೀಯನ 29ನೇ ಅಧ್ಯಾಯದ ಮಾತು ಎಲ್ಲರ ಗೋಡೆಯ ಮೇಲೂ ಇದೆ. ಅದು ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೆ ಬರೆದ ಪತ್ರ. ಮೇಲಿನ ವಚನದಲ್ಲೇ 70 ವರ್ಷ ಎಂದಿದೆ. ಓದಿದವರಲ್ಲಿ ಎಷ್ಟೋ ಜನ ಊರಿಗೆ ವಾಪಸ್ ಬರುವುದೇ ಇಲ್ಲ. ಅವರಿಗೆ ಸಿಕ್ಕ ಸಲಹೆ ಏನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಇರುವ ಊರಿಗೆ ಒಳ್ಳೆಯದು ಬಯಸಿ. ಪೂರ್ತಿ ಪತ್ರ ಓದಿದರೆ ಆ ಒಂದು ವಾಕ್ಯ ಅಷ್ಟು ಚುಚ್ಚುವುದಿಲ್ಲ.

ನಮ್ಮ ಮಗು ತೀರಿಕೊಂಡಿತು. 'ದೇವರಿಗೆ ಒಂದು ಹೂವು ಬೇಕಿತ್ತು' ಎಂದು ಎಲ್ಲರೂ ಹೇಳುತ್ತಾರೆ.

ನಿಮ್ಮ ಮಗುವನ್ನು ಕಿತ್ತುಕೊಂಡು ಖುಷಿಪಡುವ ದೇವರನ್ನು ನೀವು ನಂಬಬೇಕಿಲ್ಲ. ಸುವಾರ್ತೆಯಲ್ಲಿ ಅಂಥ ದೇವರು ಇಲ್ಲ. ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತರು. ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ಥ, ಮರಿಯ ಇಬ್ಬರೂ ಆಕ್ಷೇಪಣೆ ಮಾಡಿದಾಗ ಬಯ್ಯಲಿಲ್ಲ.

ದೀಕ್ಷಾಸ್ನಾನಕ್ಕೆ ಮುಂಚೆಯೇ ಮಗು ಹೋಯಿತು, ಅದು ಎಲ್ಲಿದೆ ಎಂದು ಕೆಲವು ತಾಯಂದಿರು ಮೆಲ್ಲಗೆ ಕೇಳುತ್ತಾರೆ. ಹಿಂದೆ ಇದರ ಬಗ್ಗೆ ಹೆದರಿಸುವ ಬೋಧನೆಗಳಿದ್ದವು. ಅಂಥ ಮಕ್ಕಳ ರಕ್ಷಣೆಗೆ ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗವೇ 2007ರಲ್ಲಿ ಹೇಳಿದೆ.

ಮಗುವಿನ ಹೆಸರು ಹೇಳುವುದನ್ನು ನಿಲ್ಲಿಸಬೇಡಿ. ಸತ್ತವರನ್ನು ನೆನೆಯುವ ದಿನ, ನವೆಂಬರ್ 2ಕ್ಕೆ, ಹೊಸೂರು ರಸ್ತೆಯ ಸ್ಮಶಾನಕ್ಕೋ ಕಲ್ಲಪಳ್ಳಿಗೋ ಹೋದರೆ ನೋಡುತ್ತೀರಿ. ಚಿಕ್ಕ ಚಿಕ್ಕ ಸಮಾಧಿಗಳ ಹತ್ತಿರ ತಲೆ ನರೆತ ತಾಯಂದಿರು ಕಳೆ ಕಿತ್ತು ಸೇವಂತಿಗೆ ಇಡುತ್ತಿರುತ್ತಾರೆ. ಇಷ್ಟು ದಿನದೊಳಗೆ ದುಃಖ ಮುಗಿಸಬೇಕು ಎಂದು ಯಾರೂ ಗಡುವು ಹಾಕಿಲ್ಲ.

ಸಾಯಬೇಕು ಅನ್ನಿಸುತ್ತದೆ. ಯಾರಿಗೂ ಹೇಳಿಲ್ಲ.

ಇವತ್ತೇ ಒಬ್ಬರಿಗೆ ಹೇಳಿ. ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಏನಾದರೂ ಮಾಡಿಕೊಳ್ಳುವ ಹಾಗೆ ಅನ್ನಿಸುತ್ತಿದ್ದರೆ ಒಬ್ಬರೇ ಇರಬೇಡಿ. ಪಕ್ಕದ ಮನೆಯವರನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ.

ಎಲೀಯ ದೊಡ್ಡ ಪ್ರವಾದಿ. ಅವನೂ ಮರುಭೂಮಿಯ ಗಿಡವೊಂದರ ಕೆಳಗೆ ಕೂತು, ಸಾಕು, ನನ್ನ ಜೀವ ತೆಗೆದುಬಿಡು ಎಂದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಎದ್ದ ಮೇಲೆ ಮತ್ತೆ ತಿನ್ನಿಸಿದ. ಖಿನ್ನತೆಗೆ ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಮ್ಮಿ ಎನ್ನುವವರಿಗೆ ಈ ಕತೆ ಹೇಳಿ.

ಮನೆಯಲ್ಲಿ ಯಾರಾದರೂ ಈಗಾಗಲೇ ಹಾಗೆ ಹೋಗಿದ್ದರೆ, ಅವರು ನರಕಕ್ಕೆ ಹೋದರು ಎಂದು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ತೀವ್ರ ಮನೋವೇದನೆಯಲ್ಲಿ ಹೊಣೆ ಕಮ್ಮಿಯಾಗುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶೆ ಬೇಡ ಎಂದೇ ಕ್ಯಾಥೊಲಿಕ್ ಬೋಧನೆ ಹೇಳುತ್ತದೆ. ಅವರಿಗಾಗಿ ಪೂಜೆ ಕೊಡಿಸಬಹುದು, ಚರ್ಚಿನಲ್ಲೇ ಅಂತ್ಯಕ್ರಿಯೆ ಮಾಡಬಹುದು.

ಅತ್ತೆಗೆ ಸ್ಟ್ರೋಕ್ ಆಗಿದೆ. ಭಾನುವಾರ ಚರ್ಚಿಗೆ ಹೋಗಲಾಗುತ್ತಿಲ್ಲ.

ತಪ್ಪಿಲ್ಲ. ರೋಗಿಯನ್ನು, ಎಳೆ ಮಗುವನ್ನು ನೋಡಿಕೊಳ್ಳುವವರಿಗೆ ಭಾನುವಾರದ ಪೂಜೆಯ ಕಡ್ಡಾಯವಿಲ್ಲ. ಧರ್ಮಕೇಂದ್ರಕ್ಕೆ ಹೇಳಿದರೆ ಪರಮಪ್ರಸಾದ ಮನೆಗೇ ತರುತ್ತಾರೆ. ವಾರದ ಮಧ್ಯೆ ಅರ್ಧ ಗಂಟೆ ಬಿಡುವು ಸಿಕ್ಕರೆ ಖಾಲಿ ಚರ್ಚಿನಲ್ಲಿ ಹೋಗಿ ಕೂರಿ. ಅಲ್ಲಿ ನಿದ್ದೆ ಬಂದರೂ ಪರವಾಗಿಲ್ಲ.

ಮನೆಯಲ್ಲಿ ನಾನೊಬ್ಬಳೇ ಕ್ರೈಸ್ತಳು. ಕಷ್ಟ ಬಂದಾಗಲೆಲ್ಲ 'ನಿನ್ನ ಯೇಸು ಎಲ್ಲಿ' ಎಂದು ಕೇಳುತ್ತಾರೆ.

ಉತ್ತರ ಕೊಡಲೇಬೇಕೆಂದಿಲ್ಲ. ಶಿಲುಬೆಯ ಕೆಳಗೆ ನಿಂತವರೂ ಹೀಗೆಯೇ ಹೀಯಾಳಿಸಿದರು, ಯೇಸು ಸುಮ್ಮನಿದ್ದರು. ಜೊತೆಗಿರಲು ಒಪ್ಪುವ ಸಂಗಾತಿಯನ್ನು ನಂಬಿಕೆ ಬೇರೆ ಎಂದು ಬಿಡಬೇಡಿ ಎಂದು ಪೌಲ ಹೇಳುತ್ತಾನೆ. ಮನೆಯ ಹಬ್ಬದಲ್ಲಿ ಅಡುಗೆಗೆ ಕೈಜೋಡಿಸಿ, ಅತ್ತೆಯ ಕಾಲು ನೋವಿಗೆ ಎಣ್ಣೆ ತಿಕ್ಕಿ. ಜಗಳಕ್ಕೆ ಬೈಬಲ್ ತರಬೇಡಿ.

ಸಭೆಯವರೇ ನಮ್ಮ ಮನೆ ವಿಷಯ ಆಡಿಕೊಳ್ಳುತ್ತಾರೆ.

'ಪ್ರಾರ್ಥನೆಗಾಗಿ' ಎಂದು ವಾಟ್ಸ್‌ಆಪ್ ಗುಂಪಿಗೆ ಹಾಕಿದ್ದು ಸಂಜೆಯೊಳಗೆ ಸುದ್ದಿಯಾಗುತ್ತದೆ. ನನಗೂ ಗೊತ್ತು. ಹನ್ನಳು ದೇವಾಲಯದಲ್ಲಿ ತುಟಿ ಅಲ್ಲಾಡಿಸಿ ಅಳುತ್ತಿದ್ದಾಗ ಯಾಜಕ ಏಲಿಗೆ ಅವಳು ಕುಡಿದಿದ್ದಾಳೆ ಅನ್ನಿಸಿತು. ಅವಳು ದೇವಾಲಯ ಬಿಟ್ಟು ಎದ್ದು ಹೋಗಲಿಲ್ಲ, ನಾನು ಕುಡಿದಿಲ್ಲ, ನೊಂದಿದ್ದೇನೆ ಎಂದು ಹೇಳಿದಳು. ನೀವು ಒಬ್ಬರೋ ಇಬ್ಬರೋ ಬಾಯಿ ಬಿಗಿಯಿರುವವರನ್ನು ಹುಡುಕಿಕೊಳ್ಳಿ. ಉಳಿದವರಿಗೆ 'ಪ್ರಾರ್ಥನೆ ಬೇಕು' ಅಂದರೆ ಸಾಕು, ವಿವರ ಬೇಡ.

ಇಷ್ಟೆಲ್ಲ ನೋಡಿದ ಮೇಲೂ ನೀವು ಯಾಕೆ ನಂಬುತ್ತೀರಿ?

ಕಷ್ಟ ಯಾಕೆ ಬರುತ್ತದೆ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯೋಬನಿಗೂ ಕೊನೆಯವರೆಗೆ ಕಾರಣ ಹೇಳಲಿಲ್ಲ. ಆದರೆ 'ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ' ಎಂದು ಕೂಗಿದ ದೇವರು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಎದ್ದು ಬಂದ ಮೇಲೂ ಯೇಸುವಿನ ಮೈಮೇಲೆ ಗಾಯಗಳು ಹಾಗೇ ಇದ್ದವು. ತೋಮನಿಗೆ ಅವನ್ನೇ ತೋರಿಸಿದರು. ವಾರ್ಡಿನಲ್ಲಿ ಕೂತಾಗ ನನಗೆ ಈ ಯೇಸುವಿನ ಜೊತೆ ಮಾತಾಡಲು ಆಗುತ್ತದೆ.

ಕಷ್ಟದಲ್ಲಿರುವವರ ಮನೆಗೆ ಹೋದರೆ ಏನು ಮಾತಾಡಬೇಕು?

ಕಮ್ಮಿ ಮಾತಾಡಿ. ಯೋಬನ ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. 'ಎಲ್ಲ ಒಳ್ಳೆಯದಕ್ಕೇ', 'ನಮಗಿಂತ ಕಷ್ಟದವರಿದ್ದಾರೆ' ಇವೆರಡನ್ನೂ ಹೇಳಬೇಡಿ. ನಿಮ್ಮ ಅತ್ತಿಗೆಗೆ ಅದೇ ಕ್ಯಾನ್ಸರ್ ಪವಾಡದಂತೆ ವಾಸಿಯಾದ ಸಾಕ್ಷಿಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಪ್ರಾರ್ಥನೆ ಮಾಡಲಾ ಎಂದು ಕೇಳಿ. ಹೂಂ ಅಂದರೆ ಎರಡು ನಿಮಿಷದಲ್ಲಿ ಮುಗಿಸಿ. ರೋಗಿಗೆ ಮೂತ್ರಕ್ಕೆ ಹೋಗಬೇಕಾಗಿರುತ್ತದೆ, ನಿಮ್ಮ ಪ್ರಾರ್ಥನೆ ಮುಗಿಯಲಿ ಎಂದು ಕಾಯುತ್ತಿರುತ್ತಾರೆ.

ಹೋಗುವಾಗ ಚಪಾತಿ, ಪಲ್ಯ ತೆಗೆದುಕೊಂಡು ಹೋಗಿ, ವಾಪಸ್ ಕೊಡಬೇಕಿಲ್ಲದ ಡಬ್ಬಿಯಲ್ಲಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬೆಳಗ್ಗೆ ಕ್ಯೂ ನಿಲ್ಲಲು ಒಬ್ಬರು ಬೇಕಾಗುತ್ತಾರೆ, ನಿಲ್ಲಿ. ಸ್ಕೂಲಿನಿಂದ ಮಕ್ಕಳನ್ನು ಕರೆತನ್ನಿ. ರಾತ್ರಿ ಒಂದು ದಿನ ನಾನು ಮಲಗುತ್ತೇನೆ, ನೀವು ಮನೆಗೆ ಹೋಗಿ ನಿದ್ದೆ ಮಾಡಿ ಎಂದು ನೋಡಿಕೊಳ್ಳುತ್ತಿರುವವರಿಗೆ ಹೇಳಿ. ಇನ್ನು ಚಿಕಿತ್ಸೆ ಇಲ್ಲ ಎಂದು ಡಾಕ್ಟರ್ ಹೇಳಿದ ಕ್ಯಾನ್ಸರ್ ರೋಗಿ ಇದ್ದರೆ ಕರುಣಾಶ್ರಯದ ವಿಷಯ ತಿಳಿಸಿ. ಅಲ್ಲಿ ಆರೈಕೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಯಾವ ಧರ್ಮ ಎಂದೂ ಕೇಳುವುದಿಲ್ಲ. 'ಏನಾದರೂ ಬೇಕಿದ್ದರೆ ಹೇಳಿ' ಎಂದು ಬಂದರೆ ಯಾರೂ ಹೇಳುವುದಿಲ್ಲ. ಗುರುವಾರ ಸಂಜೆ ಆರಕ್ಕೆ ಊಟ ತರುತ್ತೇನೆ ಎಂದು ಹೇಳಿ, ಆರಕ್ಕೇ ಹೋಗಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಬೇಕಿದ್ದರೆ ಐದಕ್ಕೆ ಮುಂಚೆಯೇ ಮನೆ ಬಿಡಿ.